ಕಿಂಗ್ ಸಾಲೊಮನ್ಸ್ ಮೈನ್ಸ್ ಕಾದಂಬರಿಯ ಚಲನಚಿತ್ರ ರೂಪಾಂತರಗಳು

ಕಿಂಗ್ ಸಾಲೊಮನ್ಸ್ ಮೈನ್ಸ್ (ಅರ್ಥ: ದೊರೆ ಸಾಲೊಮನ್ನನ ಗಣಿಗಳು) ಇಂಗ್ಲಿಷ್ ಲೇಖಕ ಹೆನ್ರಿ ರೈಡರ್ ಹ್ಯಾಗರ್ಡ್ (1856–1925) ರಚಿಸಿ, 1885ರಲ್ಲಿ ಪ್ರಕಟವಾದ ಸಾಹಸ ಕಾದಂಬರಿ. ಆಫ್ರಿಕಾದ ಒಳನಾಡಿನಲ್ಲಿ ಹೊರಜಗತ್ತಿಗೆ ಅಜ್ಞಾತವಾಗಿ ಉಳಿದ ರಾಜ್ಯವೊಂದನ್ನೂ ಅಲ್ಲಿನ ಪ್ರಾಚೀನ ವಜ್ರಭಂಡಾರವನ್ನೂ ಅರಸಿ ಹೊರಟವರ ಕಥೆ ಇದು. 1937, 1950 ಮತ್ತು 1985ರಲ್ಲಿ ಇದೇ ಹೆಸರಿನ ಮೂರು ಚಲನಚಿತ್ರಗಳು ತೆರೆಕಂಡವು. 2004ರಲ್ಲಿ ಎರಡು ಭಾಗಗಳ ದೂರದರ್ಶನ ಚಿತ್ರವೂ ಬಂದಿತು. ಇವುಗಳಲ್ಲಿ 1950ರ ಚಿತ್ರ ಅಕಾಡೆಮಿ ಪ್ರಶಸ್ತಿಗಳನ್ನು ಪಡೆದು ಅಪಾರ ಜನಪ್ರಿಯತೆ ಗಳಿಸಿದರೆ, 1985ರ ಚಿತ್ರ ವಿಮರ್ಶಕರ ತೀವ್ರ ಟೀಕೆಗೆ ಗುರಿಯಾಯಿತು. ಗುಣಮಟ್ಟದಲ್ಲಿ ಪರಸ್ಪರ ಭಿನ್ನವಾದರೂ ಈ ನಾಲ್ಕು ಚಿತ್ರಗಳು ಒಂದು ವಿಷಯದಲ್ಲಿ ಸಮಾನವಾಗಿವೆ: ಕಾದಂಬರಿಯ ಹೆಸರು, ನಕ್ಷೆ ಮತ್ತು ಗಣಿಯನ್ನು ಉಳಿಸಿಕೊಂಡು, ಪ್ರಯಾಣದ ಮೂಲ ಉದ್ದೇಶವನ್ನು ಕೈಬಿಟ್ಟಿವೆ. ಶ್ರೇಷ್ಠ ಸಾಹಸ ಕಾದಂಬರಿಗಳು ತೆರೆಗೆ ಬಂದಾಗ ಓದುಗರಿಗೆ ನಿರಾಶೆಯಾಗುವುದು ಏಕೆ ಎಂಬುದಕ್ಕೆ ಈ ಕೃತಿಯ ಚಲನಚಿತ್ರ ಇತಿಹಾಸ ಉತ್ತಮ ಉದಾಹರಣೆಯಾಗಿದೆ.

ಕಾದಂಬರಿಯ ಹಿನ್ನೆಲೆ

ಹ್ಯಾಗರ್ಡ್ ತನ್ನ 19ನೆಯ ವಯಸ್ಸಿನಲ್ಲಿ, 1875ರಲ್ಲಿ, ನಟಾಲ್ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಸರ್ ಹೆನ್ರಿ ಬಲ್ವರ್ ಅವರ ಸಿಬ್ಬಂದಿಯಾಗಿ ದಕ್ಷಿಣ ಆಫ್ರಿಕಾಕ್ಕೆ ತೆರಳಿದನು. 1877ರಲ್ಲಿ ಬ್ರಿಟಿಷರು ಟ್ರಾನ್ಸ್‌ವಾಲ್ ಪ್ರದೇಶವನ್ನು ವಶಪಡಿಸಿಕೊಂಡಾಗ ಆತ ಆ ತಂಡದೊಡನೆ ಅಲ್ಲಿದ್ದನು. ಜೂಲು ಜನರ ಸೈನ್ಯವ್ಯವಸ್ಥೆ, ನ್ಯಾಯಪದ್ಧತಿ ಮತ್ತು ವಾಕ್ಪಟುತ್ವವನ್ನು ಆತ ಹತ್ತಿರದಿಂದ ಕಂಡಿದ್ದನು. ಕಾದಂಬರಿಯ ಕುಕುವಾನಾ ಜನಾಂಗದ ಚಿತ್ರಣದಲ್ಲಿ ಈ ಅನುಭವದ ಛಾಯೆಯಿದೆ. ಇಂದಿನ ಜಿಂಬಾಬ್ವೆಯಲ್ಲಿರುವ ಗ್ರೇಟ್ ಜಿಂಬಾಬ್ವೆಯ ಕಲ್ಲಿನ ಅವಶೇಷಗಳನ್ನು 1871ರಲ್ಲಿ ಕಂಡ ಜರ್ಮನ್ ಅನ್ವೇಷಕ ಕಾರ್ಲ್ ಮಾಖ್, ಅವುಗಳನ್ನು ಬೈಬಲ್ಲಿನ ಶೇಬಾ ರಾಣಿಯೊಂದಿಗೆ ಜೋಡಿಸಿದ್ದನು. ಆ ಕಟ್ಟಡಗಳು ಸ್ಥಳೀಯ ಆಫ್ರಿಕನ್ನರ ನಿರ್ಮಾಣವೆಂದು ಅನಂತರ ದೃಢಪಟ್ಟಿತಾದರೂ, ಆ ಕಾಲದಲ್ಲಿ ಸಾಲೊಮನ್ನನ ಗಣಿಗಳ ಕಲ್ಪನೆಗೆ ಇಂತಹ ಊಹೆಗಳೇ ಆಧಾರವಾಗಿದ್ದವು.

ಇಂಗ್ಲೆಂಡಿಗೆ ಮರಳಿದ ಬಳಿಕ, ರಾಬರ್ಟ್ ಲೂಯಿ ಸ್ಟೀವನ್‌ಸನ್ನನ ‘ಟ್ರೆಷರ್ ಐಲೆಂಡ್’ ಕೃತಿಯ ಅರ್ಧದಷ್ಟಾದರೂ ಚೆನ್ನಾದ ಕಥೆಯನ್ನು ಬರೆಯಲಾರೆ ಎಂದು ಸಹೋದರನೊಬ್ಬ ಐದು ಶಿಲಿಂಗ್ ಪಂಥ ಕಟ್ಟಿದನೆಂದೂ, ಅದರ ಫಲವಾಗಿ ಹ್ಯಾಗರ್ಡ್ ಕೆಲವೇ ವಾರಗಳಲ್ಲಿ ಈ ಕಾದಂಬರಿಯನ್ನು ಬರೆದನೆಂದೂ ಪ್ರಸಿದ್ಧವಾಗಿದೆ. ಕ್ಯಾಸೆಲ್ ಸಂಸ್ಥೆ ಇದನ್ನು ಪ್ರಕಟಿಸಿತು. ಮೊದಲ ವರ್ಷದಲ್ಲೇ 31,000 ಪ್ರತಿಗಳು ಮಾರಾಟವಾದವು. ಕಳೆದುಹೋದ ನಾಡನ್ನು ಕಂಡುಹಿಡಿಯುವ ಕಥೆಗಳ ಪರಂಪರೆಗೆ ಇಂಗ್ಲಿಷಿನಲ್ಲಿ ಈ ಕೃತಿ ಬುನಾದಿ ಹಾಕಿತು.

ಕಥಾಸಾರ

ಕಥೆಯ ನಿರೂಪಕ ಅಲನ್ ಕ್ವಾಟರ್‌ಮೇನ್ ಡರ್ಬನ್ನಿನಲ್ಲಿ ನೆಲೆಸಿರುವ, 55 ವರ್ಷ ವಯಸ್ಸಿನ ಆನೆ ಬೇಟೆಗಾರ. ಹಡಗಿನ ಪ್ರಯಾಣದಲ್ಲಿ ಅವನಿಗೆ ಸರ್ ಹೆನ್ರಿ ಕರ್ಟಿಸ್ ಮತ್ತು ನೌಕಾದಳದ ನಿವೃತ್ತ ಅಧಿಕಾರಿ ಕ್ಯಾಪ್ಟನ್ ಜಾನ್ ಗುಡ್ ಪರಿಚಯವಾಗುತ್ತಾರೆ. ತಂದೆ ಉಯಿಲು ಬರೆಯದೆ ತೀರಿಕೊಂಡದ್ದರಿಂದ ಆಸ್ತಿಯೆಲ್ಲ ಹಿರಿಯನಾದ ಕರ್ಟಿಸ್‌ಗೆ ಸೇರಿತ್ತು. ಜಗಳವಾಡಿ ಮನೆಬಿಟ್ಟ ತಮ್ಮ ಜಾರ್ಜ್, ಹೆಸರು ಬದಲಿಸಿಕೊಂಡು ಸಾಲೊಮನ್ನನ ಗಣಿಗಳನ್ನು ಹುಡುಕುತ್ತ ಹೋದವನು ಹಿಂದಿರುಗಿರಲಿಲ್ಲ. ಪಶ್ಚಾತ್ತಾಪಪಟ್ಟ ಅಣ್ಣ ತಮ್ಮನನ್ನು ಹುಡುಕಲು ಹೊರಟಿದ್ದಾನೆ. 1590ರಲ್ಲಿ ಜೋಸ್ ದ ಸಿಲ್ವೆಸ್ಟ್ರಾ ಎಂಬ ಪೋರ್ಚುಗೀಸನು ಸಾಯುವ ಮುನ್ನ ಬಟ್ಟೆಯ ತುಂಡಿನ ಮೇಲೆ ತನ್ನ ರಕ್ತದಿಂದಲೇ ಬರೆದ ನಕ್ಷೆ ಕ್ವಾಟರ್‌ಮೇನನ ಬಳಿ ಇರುತ್ತದೆ. ಈ ಪ್ರಯಾಣದಲ್ಲಿ ಬದುಕಿ ಬರುವ ನಂಬಿಕೆ ಅವನಿಗಿಲ್ಲ. ಲಂಡನ್ನಿನಲ್ಲಿ ವೈದ್ಯಕೀಯ ಓದುತ್ತಿರುವ ಮಗ ಹ್ಯಾರಿಗೆ ಐದು ವರ್ಷ ಕಾಲ ಜೀವನಾಂಶ ದೊರೆಯಬೇಕೆಂಬ ಷರತ್ತಿನ ಮೇಲೆ ಅವನು ಒಪ್ಪುತ್ತಾನೆ.

ಸೇವಕನಾಗಿ ಸೇರಿಕೊಳ್ಳುವ ಉಂಬೋಪಾ ಎಂಬ ಗಂಭೀರ ವ್ಯಕ್ತಿಯೊಡನೆ ಅವರು ಮರುಭೂಮಿಯನ್ನೂ ಹಿಮಾಚ್ಛಾದಿತ ಪರ್ವತಗಳನ್ನೂ ದಾಟಿ ಕುಕುವಾನಾಲ್ಯಾಂಡ್ ತಲುಪುತ್ತಾರೆ. ಅಲ್ಲಿ ಒಕ್ಕಣ್ಣಿನ ಕ್ರೂರ ರಾಜ ತ್ವಾಲಾ ಮತ್ತು ವಯಸ್ಸೇ ತಿಳಿಯದ ಮಾಟಗಾತಿ ಗಗೂಲ್ ಅವರ ಆಳ್ವಿಕೆಯಿದೆ. ಉಂಬೋಪಾ ತನ್ನ ಸೊಂಟದ ಸುತ್ತಲಿನ ಸರ್ಪದ ಹಚ್ಚೆಯನ್ನು ತೋರಿಸಿ, ತಾನು ರಾಜ್ಯದ ನಿಜವಾದ ಉತ್ತರಾಧಿಕಾರಿ ಇಗ್ನೋಸಿ ಎಂದು ಪ್ರಕಟಿಸುತ್ತಾನೆ. ಅಂತರ್ಯುದ್ಧ ನಡೆದು ತ್ವಾಲಾ ಹತನಾಗುತ್ತಾನೆ. ಗಗೂಲ್ ಮೂವರು ಬಿಳಿಯರನ್ನು ವಜ್ರಭಂಡಾರದೊಳಗೆ ಕೂಡಿಹಾಕುತ್ತಾಳೆ. ಗುಡ್‌ನನ್ನು ಪ್ರೀತಿಸಿದ ಕುಕುವಾನಾ ತರುಣಿ ಫೌಲಾಟಾ ಅವಳನ್ನು ತಡೆಯಲು ಹೋಗಿ ಪ್ರಾಣ ಕಳೆದುಕೊಳ್ಳುತ್ತಾಳೆ, ಗಗೂಲ್ ಕೂಡ ಕಲ್ಲಿನ ಬಾಗಿಲಿನಡಿ ಸಿಕ್ಕಿ ಸಾಯುತ್ತಾಳೆ. ನೆಲದಡಿಯ ದಾರಿಯಿಂದ ಪಾರಾಗುವಾಗ ಕ್ವಾಟರ್‌ಮೇನ್ ಜೇಬಿಗೆ ತುಂಬಿಕೊಂಡ ವಜ್ರಗಳಷ್ಟೇ ಉಳಿಯುತ್ತವೆ. ಮರಳುವ ದಾರಿಯಲ್ಲಿ, ಮರುಭೂಮಿಯ ನಡುವಿನ ಓಯಸಿಸ್ ಒಂದರಲ್ಲಿ ಕಾಲು ಜಖಂಗೊಂಡು ಉಳಿದುಹೋಗಿದ್ದ ಜಾರ್ಜ್ ಆಕಸ್ಮಿಕವಾಗಿ ಸಿಗುತ್ತಾನೆ.

ಕಾದಂಬರಿಯ ಆಧಾರಸ್ತಂಭಗಳು

ಚಿತ್ರಗಳಲ್ಲಿ ಏನು ಕಳೆದುಹೋಯಿತು ಎಂಬುದನ್ನು ತಿಳಿಯಲು ಕಾದಂಬರಿ ಯಾವುದರ ಮೇಲೆ ನಿಂತಿದೆ ಎಂಬುದನ್ನು ಗಮನಿಸಬೇಕಾಗುತ್ತದೆ.

ಮೊದಲನೆಯದು ನಿರೂಪಕನ ದನಿ. ಕ್ವಾಟರ್‌ಮೇನ್ ತನ್ನನ್ನು ಅಂಜುಬುರುಕನೆಂದು ಕರೆದುಕೊಳ್ಳುತ್ತಾನೆ. ಕುಳ್ಳಗಿನ, ಕಾಲು ಕುಂಟುವ, ಮಾತಿನಲ್ಲಿ ಮಿತವಾದ ಮನುಷ್ಯ ಅವನು. ಅದ್ಭುತ ಘಟನೆಗಳನ್ನು ಇಂತಹವನು ಲೆಕ್ಕಪತ್ರ ಒಪ್ಪಿಸುವಂತೆ ಹೇಳುವುದರಿಂದಲೇ ಓದುಗನಿಗೆ ಅವು ನಂಬತಕ್ಕವೆನಿಸುತ್ತವೆ.

ಎರಡನೆಯದು ಪ್ರಯಾಣದ ಉದ್ದೇಶ. ಕೃತಿಯ ಹೆಸರಿನಲ್ಲಿ ಗಣಿಗಳಿದ್ದರೂ ಕರ್ಟಿಸ್ ಹೊರಟದ್ದು ನಿಧಿಗಾಗಿ ಅಲ್ಲ, ತಾನು ಅನ್ಯಾಯ ಮಾಡಿದ ತಮ್ಮನಿಗಾಗಿ. ಮೂವರೂ ಭಂಡಾರದ ಕತ್ತಲೆಯಲ್ಲಿ ಸಾವನ್ನು ಎದುರುನೋಡುತ್ತ ಕುಳಿತಾಗ ಸುತ್ತಲಿನ ವಜ್ರಗಳು ಅವರಿಗೆ ಬೆಲೆಯಿಲ್ಲದ ಕಲ್ಲುಗಳಾಗುತ್ತವೆ.

ಮೂರನೆಯದು ಇಗ್ನೋಸಿಯ ಕಥೆ. ಪುಸ್ತಕದ ದೊಡ್ಡ ಭಾಗ ನಡೆಯುವುದು ಗಣಿಯಲ್ಲಲ್ಲ, ಕುಕುವಾನಾ ರಾಜಧಾನಿ ಮತ್ತು ರಣರಂಗದಲ್ಲಿ. ಬಂಡಾಯದ ಕಾರಣ, ಸೇನಾ ತುಕಡಿಗಳ ನಿಷ್ಠೆ, ಯೋಧರ ದಳವೊಂದರ ಬಲಿದಾನ ಇವೆಲ್ಲ ವಿವರವಾಗಿ ಬಂದಿವೆ. ಸಿಂಹಾಸನವೇರಿದ ಇಗ್ನೋಸಿ ವಿಚಾರಣೆಯಿಲ್ಲದೆ ಯಾರನ್ನೂ ಕೊಲ್ಲುವುದಿಲ್ಲವೆಂದು ಮಾತು ಕೊಡುತ್ತಾನೆ. ಬೀಳ್ಕೊಡುವಾಗ, ಬಂದೂಕು ಮತ್ತು ಮದ್ಯದೊಡನೆ ಬರುವ ಬಿಳಿಯ ವ್ಯಾಪಾರಿಗಳನ್ನಾಗಲಿ ಧರ್ಮಪ್ರಚಾರಕರನ್ನಾಗಲಿ ತನ್ನ ನಾಡಿಗೆ ಬಿಟ್ಟುಕೊಳ್ಳುವುದಿಲ್ಲವೆಂದೂ ಸ್ಪಷ್ಟಪಡಿಸುತ್ತಾನೆ.

ನಾಲ್ಕನೆಯದು ಹಾಸ್ಯ. ಕ್ಯಾಪ್ಟನ್ ಗುಡ್‌ನ ಒಂಟಿಗಣ್ಣಿನ ಕನ್ನಡಕ, ಕೃತಕ ಹಲ್ಲುಗಳು, ಅರ್ಧ ಬೋಳಿಸಿದ ಗಡ್ಡ ಮತ್ತು ಬರಿಗಾಲುಗಳನ್ನು ಕಂಡ ಕುಕುವಾನರು ಅವನನ್ನು ನಕ್ಷತ್ರಲೋಕದವನೆಂದು ಭಾವಿಸುತ್ತಾರೆ. ಅವರ ನಂಬಿಕೆ ಉಳಿಸುವುದಕ್ಕಾಗಿ ಆ ಶಿಸ್ತಿನ ನಾವಿಕ ಅದೇ ಅವಸ್ಥೆಯಲ್ಲಿ ಓಡಾಡಬೇಕಾಗುತ್ತದೆ.

1937ರ ಚಿತ್ರ

1910ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ತಯಾರಾದ ಮೂಕಿ ಚಿತ್ರದ ನಂತರ, ಮೊದಲ ವಾಕ್ಚಿತ್ರವನ್ನು ಬ್ರಿಟನ್ನಿನ ಗಾಮಾಂಟ್ ಬ್ರಿಟಿಷ್ ಸಂಸ್ಥೆ ತಯಾರಿಸಿತು. ಮುಂದೆ ‘ಮೇರಿ ಪಾಪಿನ್ಸ್’ (1964) ಚಿತ್ರದಿಂದ ಪ್ರಸಿದ್ಧನಾದ ರಾಬರ್ಟ್ ಸ್ಟೀವನ್‌ಸನ್ ಇದರ ನಿರ್ದೇಶಕ. ಕಾದಂಬರಿಕಾರ ಸ್ಟೀವನ್‌ಸನ್ನನ ಹೆಸರೇ ಈತನಿಗೂ ಇದ್ದದ್ದು ಕಾಕತಾಳೀಯ. ಕ್ವಾಟರ್‌ಮೇನ್ ಆಗಿ ಸೆಡ್ರಿಕ್ ಹಾರ್ಡ್‌ವಿಕ್, ಕರ್ಟಿಸ್ ಆಗಿ ಜಾನ್ ಲೋಡರ್, ಗುಡ್ ಆಗಿ ರೋಲಂಡ್ ಯಂಗ್ ಮತ್ತು ಉಂಬೋಪಾ ಆಗಿ ಅಮೆರಿಕದ ಕರಿಯ ಗಾಯಕ-ನಟ ಪಾಲ್ ರೋಬ್ಸನ್ ಅಭಿನಯಿಸಿದರು.

ಕಾದಂಬರಿಗೆ ಅತ್ಯಂತ ಹತ್ತಿರವಾದ ಚಿತ್ರವೆಂದು ಇದನ್ನು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಮೂವರು ಗಂಡಸರ ತಂಡ, ಗಗೂಲ್, ಗ್ರಹಣದ ಪ್ರಸಂಗ, ರಣರಂಗ ಇವೆಲ್ಲ ಇಲ್ಲಿವೆ. ರೋಬ್ಸನ್ನನ ಎತ್ತರದ ನಿಲುವು ಮತ್ತು ಗಂಭೀರ ಕಂಠದಿಂದ ಉಂಬೋಪಾ ಚಿತ್ರದ ಕೇಂದ್ರವ್ಯಕ್ತಿಯಾಗುತ್ತಾನೆ. ಮಿಶಾ ಸ್ಪೋಲಿಯಾನ್ಸ್ಕಿ ಸಂಯೋಜಿಸಿದ ಗೀತೆಗಳನ್ನೂ ಆತ ಹಾಡಿದ್ದಾನೆ. ಆದರೆ ಮುಂದಿನ ಎಲ್ಲ ಚಿತ್ರಗಳಿಗೆ ಮಾದರಿಯಾದ ಬದಲಾವಣೆ ಇಲ್ಲಿಯೇ ಆರಂಭವಾಯಿತು. ಆನ್ನಾ ಲೀ ನಟಿಸಿದ ಕ್ಯಾಥಿ ಓಬ್ರಿಯನ್ ಎಂಬ ಐರಿಷ್ ಯುವತಿಯ ಪಾತ್ರವನ್ನು ಹೊಸದಾಗಿ ಸೃಷ್ಟಿಸಲಾಯಿತು. ಗಣಿಗಳನ್ನು ಹುಡುಕುತ್ತ ಹೋದ ತಂದೆಯನ್ನು ಅರಸಿ ಅವಳು ಹೊರಡುತ್ತಾಳೆ. ಕರ್ಟಿಸ್ ಅವಳ ಪ್ರೇಮಿಯಾಗುತ್ತಾನೆ. ಕರ್ಟಿಸ್‌ನ ಪಶ್ಚಾತ್ತಾಪಕ್ಕೆ ಚಿತ್ರದಲ್ಲಿ ಸ್ಥಾನವೇ ಇಲ್ಲವಾಯಿತು.

1950ರ ಚಿತ್ರ

ಮೆಟ್ರೋ ಗೋಲ್ಡ್‌ವಿನ್ ಮೇಯರ್ ಸಂಸ್ಥೆಯ ಈ ವರ್ಣಚಿತ್ರವನ್ನು ಕಾಂಪ್ಟನ್ ಬೆನೆಟ್ ಮತ್ತು ಆಂಡ್ರೂ ಮಾರ್ಟನ್ ನಿರ್ದೇಶಿಸಿದರು. ಸ್ಟೀವರ್ಟ್ ಗ್ರೇಂಜರ್, ಡೆಬೊರಾ ಕೆರ್ ಮತ್ತು ರಿಚರ್ಡ್ ಕಾರ್ಲ್‌ಸನ್ ಮುಖ್ಯ ತಾರಾಗಣದಲ್ಲಿದ್ದರು. ಕೀನ್ಯಾ, ಉಗಾಂಡ, ಟಾಂಗಾನಿಕಾ ಮತ್ತು ಬೆಲ್ಜಿಯನ್ನರ ಆಡಳಿತದಲ್ಲಿದ್ದ ಪ್ರದೇಶಗಳಲ್ಲಿ ವ್ಯಾಪಕ ಹೊರಾಂಗಣ ಚಿತ್ರೀಕರಣ ನಡೆಯಿತು. ವಾದ್ಯವೃಂದದ ಹಿನ್ನೆಲೆ ಸಂಗೀತದ ಬದಲು ಆಫ್ರಿಕನ್ ಹಾಡು ಮತ್ತು ತಾಳಗಳನ್ನೇ ಬಳಸಿದ್ದು, ಕಾಡುಪ್ರಾಣಿಗಳ ಹಿಂಡು ಧಾವಿಸಿ ಬರುವ ದೃಶ್ಯ ಮತ್ತು ವಾಟುಸಿ (ಟುಟ್ಸಿ) ನರ್ತಕರ ದೃಶ್ಯಗಳು ಪ್ರೇಕ್ಷಕರನ್ನು ಬೆರಗುಗೊಳಿಸಿದವು. ವರ್ಣ ಛಾಯಾಗ್ರಹಣ ಮತ್ತು ಸಂಕಲನಕ್ಕೆ ಅಕಾಡೆಮಿ ಪ್ರಶಸ್ತಿಗಳು ಸಂದವು. ಶ್ರೇಷ್ಠ ಚಿತ್ರ ಪ್ರಶಸ್ತಿಗೂ ಇದು ನಾಮನಿರ್ದೇಶನಗೊಂಡಿತ್ತು.

ಆದರೆ ಕಥೆಯಲ್ಲಿ ಬದಲಾವಣೆಗಳು ಇನ್ನಷ್ಟು ಆಳವಾಗಿವೆ. ಇಲ್ಲಿ ಹೆನ್ರಿ ಕರ್ಟಿಸ್ ಹುಡುಕುವವನಲ್ಲ, ಕಾಣೆಯಾದವನು. ಅವನ ಪತ್ನಿ ಎಲಿಜಬೆತ್ ತನ್ನ ಸಹೋದರ ಜಾನ್ ಗುಡ್‌ನೊಡನೆ ಬಂದು ಕ್ವಾಟರ್‌ಮೇನನನ್ನು ದೊಡ್ಡ ಮೊತ್ತಕ್ಕೆ ನೇಮಿಸಿಕೊಳ್ಳುತ್ತಾಳೆ. ದಾರಿಯಲ್ಲಿ ಅವರಿಬ್ಬರ ನಡುವೆ ಪ್ರೇಮ ಚಿಗುರುತ್ತದೆ. ಗುಹೆಯಲ್ಲಿ ಗಂಡನ ಅಸ್ಥಿಪಂಜರ ಸಿಗುವುದರೊಂದಿಗೆ ಆ ಪ್ರೇಮಕ್ಕಿದ್ದ ಅಡ್ಡಿ ಕಳೆಯುತ್ತದೆ. ಕಾದಂಬರಿಯಲ್ಲಿ ಹುಡುಕಾಟ ಸಾರ್ಥಕವಾಗುವುದು ಕಾಣೆಯಾದವನು ಬದುಕಿ ಸಿಕ್ಕಿದ್ದರಿಂದ. ಚಿತ್ರದಲ್ಲಿ ಕಥೆ ಸುಖಾಂತವಾಗುವುದು ಅವನು ಸತ್ತದ್ದರಿಂದ. ಅಂತರ್ಯುದ್ಧ ಕೈಬಿಟ್ಟು, ಉಂಬೋಪಾನ ಕಥೆಯನ್ನು ಕೊನೆಯ ದೃಶ್ಯಗಳಿಗೆ ಸೀಮಿತಗೊಳಿಸಲಾಗಿದೆ.

ಒಂದು ಬದಲಾವಣೆಯನ್ನು ಮಾತ್ರ ಸುಧಾರಣೆ ಎನ್ನಬಹುದು. ಕಾದಂಬರಿಯಲ್ಲಿ ತ್ವಾಲಾನನ್ನು ದ್ವಂದ್ವಯುದ್ಧದಲ್ಲಿ ಕೊಲ್ಲುವವನು ಕರ್ಟಿಸ್. ಚಿತ್ರದಲ್ಲಿ ಉಂಬೋಪಾ ಸ್ವತಃ ಹೋರಾಡಿ ತನ್ನ ಸಿಂಹಾಸನವನ್ನು ಗೆಲ್ಲುತ್ತಾನೆ. ಆ ಪಾತ್ರವನ್ನು ವೃತ್ತಿನಟರಿಗೆ ವಹಿಸದೆ ಸಿರಿಯಾಕ್ ಎಂಬ ವಾಟುಸಿ ವ್ಯಕ್ತಿಗೆ ನೀಡಲಾಗಿತ್ತು. ಚಿತ್ರಕ್ಕಾಗಿ ತೆಗೆದ ಹೊರಾಂಗಣ ದೃಶ್ಯಗಳನ್ನು ಅದೇ ಸಂಸ್ಥೆ ‘ವಾಟುಸಿ’ (1959) ಚಿತ್ರದಲ್ಲಿ ಮರುಬಳಕೆ ಮಾಡಿತು.

1985ರ ಚಿತ್ರ

‘ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್’ (1981) ಚಿತ್ರದ ಯಶಸ್ಸಿನ ನಂತರ ಸಾಹಸ ಚಿತ್ರಗಳಿಗೆ ಮತ್ತೆ ಬೇಡಿಕೆ ಉಂಟಾಯಿತು. ಮೆನಾಹೆಮ್ ಗೋಲನ್ ಮತ್ತು ಯೋರಾಮ್ ಗ್ಲೋಬಸ್ ಅವರ ಕ್ಯಾನನ್ ಸಂಸ್ಥೆ ಈ ಸಂದರ್ಭದಲ್ಲಿ ಹ್ಯಾಗರ್ಡನ ಕಾದಂಬರಿಯನ್ನು ಕೈಗೆತ್ತಿಕೊಂಡಿತು. ‘ದಿ ಗನ್ಸ್ ಆಫ್ ನ್ಯಾವರೋನ್’ (1961) ಖ್ಯಾತಿಯ ಜೆ. ಲೀ ಥಾಂಪ್ಸನ್ ನಿರ್ದೇಶಿಸಿದ ಚಿತ್ರದಲ್ಲಿ ರಿಚರ್ಡ್ ಚೇಂಬರ್ಲೇನ್ ಮತ್ತು ಶ್ಯಾರನ್ ಸ್ಟೋನ್ ನಾಯಕ-ನಾಯಕಿಯರು. ‘ರೈಡರ್ಸ್’ ಚಿತ್ರದಲ್ಲಿ ನಟಿಸಿದ್ದ ಜಾನ್ ರೀಸ್-ಡೇವಿಸ್ ಇಲ್ಲಿ ಖಳರಲ್ಲೊಬ್ಬ. ಚಿತ್ರೀಕರಣ ಜಿಂಬಾಬ್ವೆಯಲ್ಲಿ ನಡೆಯಿತು. ಜೆರ್ರಿ ಗೋಲ್ಡ್‌ಸ್ಮಿತ್ ಸಂಗೀತ ನೀಡಿದರು.

ಕಥೆಯನ್ನು ಮೊದಲ ಮಹಾಯುದ್ಧದ ಕಾಲಕ್ಕೆ ಸ್ಥಳಾಂತರಿಸಿ, ಜರ್ಮನ್ ಸೈನಿಕರನ್ನು ಎದುರಾಳಿಗಳನ್ನಾಗಿ ಮಾಡಲಾಯಿತು. ಕರ್ಟಿಸ್, ಗುಡ್ ಮತ್ತು ಫೌಲಾಟಾ ಸಂಪೂರ್ಣ ಮಾಯವಾದರು. ಜರ್ಮನ್ನರ ಸೆರೆಯಲ್ಲಿರುವ ಪ್ರೊಫೆಸರ್ ತಂದೆಯನ್ನು ಹುಡುಕುವ ಜೆಸ್ಸಿ ಹ್ಯೂಸ್ಟನ್ ಎಂಬ ಯುವತಿ ಕಥೆಗೆ ಬಂದಳು. ರೈಲು, ವಿಮಾನ ಮತ್ತು ಬೆನ್ನಟ್ಟುವಿಕೆಗಳ ಸರಣಿಯಾಗಿ ಚಿತ್ರ ಸಾಗುತ್ತದೆ. ನಾಯಕ-ನಾಯಕಿಯರನ್ನು ಬುಡಕಟ್ಟಿನವರು ಬೃಹತ್ ಹಂಡೆಯಲ್ಲಿ ಹಾಕಿ ಬೇಯಿಸಲು ಯತ್ನಿಸುವ ದೃಶ್ಯ ಇದರಲ್ಲಿದೆ. ಹ್ಯಾಗರ್ಡನ ಕಾದಂಬರಿಯಲ್ಲಿ ಇಂಥದ್ದೇನೂ ಇಲ್ಲ. ಇದರೊಂದಿಗೇ ಚಿತ್ರೀಕರಿಸಿದ ಮುಂದಿನ ಭಾಗ ‘ಅಲನ್ ಕ್ವಾಟರ್‌ಮೇನ್ ಅಂಡ್ ದಿ ಲಾಸ್ಟ್ ಸಿಟಿ ಆಫ್ ಗೋಲ್ಡ್’ ಇನ್ನಷ್ಟು ಟೀಕೆಗೆ ಒಳಗಾಯಿತು. ಅದಕ್ಕೆ ಆಧಾರವಾದ ‘ಅಲನ್ ಕ್ವಾಟರ್‌ಮೇನ್’ (1887) ಕಾದಂಬರಿ ನಾಯಕನ ಮರಣದೊಂದಿಗೆ ಮುಗಿಯುತ್ತದೆ.

ಕ್ವಾಟರ್‌ಮೇನನಂತಹ ಸಾಹಸಿಗಳ ಕಥೆಗಳಿಂದ ಬೆಳೆದುಬಂದ ಪರಂಪರೆಯೇ ಇಂಡಿಯಾನಾ ಜೋನ್ಸ್ ಪಾತ್ರಕ್ಕೆ ಹಿನ್ನೆಲೆ. 1985ರಲ್ಲಿ ಈ ಸಂಬಂಧ ತಿರುವುಮುರುವಾಗಿ, ಮೂಲ ಕೃತಿಯೇ ತನ್ನಿಂದ ಪ್ರೇರಣೆ ಪಡೆದುದರ ಅನುಕರಣೆಯಂತೆ ಪ್ರೇಕ್ಷಕರಿಗೆ ಕಾಣಿಸಿತು.

2004ರ ದೂರದರ್ಶನ ಚಿತ್ರ ಮತ್ತು ಇತರ ಕೃತಿಗಳು

ಸ್ಟೀವ್ ಬೋಯಮ್ ನಿರ್ದೇಶಿಸಿದ ಎರಡು ಭಾಗಗಳ ದೂರದರ್ಶನ ಚಿತ್ರದಲ್ಲಿ ಪ್ಯಾಟ್ರಿಕ್ ಸ್ವೇಜಿ ಕ್ವಾಟರ್‌ಮೇನ್ ಆಗಿ ನಟಿಸಿದನು. ಆಲಿಸನ್ ಡೂಡಿ ನಟಿಸಿದ ಎಲಿಜಬೆತ್ ಮೇಟ್‌ಲ್ಯಾಂಡ್ ಇಲ್ಲಿಯೂ ತನ್ನ ತಂದೆಯನ್ನು ಹುಡುಕುತ್ತ ಬರುತ್ತಾಳೆ. ಎದುರಾಳಿಗಳು ಈ ಬಾರಿ ರಷ್ಯನ್ನರು. ಕ್ವಾಟರ್‌ಮೇನನಿಗೆ ಮಗನಿದ್ದಾನೆ ಎಂಬ ಅಂಶಕ್ಕೆ ಮಹತ್ವ ಕೊಟ್ಟಿರುವುದು ಇದರ ವಿಶೇಷ. ಸಮಯಾವಕಾಶ ಹೆಚ್ಚಿದ್ದರೂ ಕುಕುವಾನಾ ರಾಜ್ಯದ ಒಳಗಿನ ಕಥೆಗೆ ಅದರ ಪ್ರಯೋಜನ ಸಿಗಲಿಲ್ಲ.

ಇವಲ್ಲದೆ ‘ಕಿಂಗ್ ಸಾಲೊಮನ್ಸ್ ಟ್ರೆಷರ್’ (1979) ಎಂಬ ಚಿತ್ರ ಕ್ವಾಟರ್‌ಮೇನನ ಪ್ರಯಾಣದಲ್ಲಿ ಡೈನೋಸಾರ್‌ಗಳನ್ನು ತಂದಿತು. ‘ದಿ ಲೀಗ್ ಆಫ್ ಎಕ್ಸ್‌ಟ್ರಾರ್ಡಿನರಿ ಜೆಂಟಲ್‌ಮೆನ್’ (2003) ಚಿತ್ರದಲ್ಲಿ ಶಾನ್ ಕಾನರಿ ವೃದ್ಧ ಕ್ವಾಟರ್‌ಮೇನನಾಗಿ ಕಾಣಿಸಿಕೊಂಡನು; ಆ ಚಿತ್ರದ ಮೂಲ ಹ್ಯಾಗರ್ಡನ ಕಾದಂಬರಿಯಲ್ಲ, ಅಲನ್ ಮೂರ್ ಮತ್ತು ಕೆವಿನ್ ಓನೀಲ್ ಅವರ ಚಿತ್ರಕಥಾ ಪುಸ್ತಕ.

ಬದಲಾವಣೆಗಳ ಸಾಮಾನ್ಯ ಸ್ವರೂಪ

ನಾಲ್ಕು ಚಿತ್ರಗಳನ್ನು ಒಟ್ಟಿಗೆ ಇರಿಸಿ ನೋಡಿದಾಗ ಒಂದೇ ಮಾದರಿ ಗೋಚರಿಸುತ್ತದೆ. 1937ರಲ್ಲಿ ಮಗಳು ತಂದೆಯನ್ನು, 1950ರಲ್ಲಿ ಪತ್ನಿ ಪತಿಯನ್ನು, 1985 ಮತ್ತು 2004ರಲ್ಲಿ ಮತ್ತೆ ಮಗಳು ತಂದೆಯನ್ನು ಹುಡುಕುತ್ತಾಳೆ. ತಮ್ಮನಿಗಾಗಿ ಹೊರಟ ಅಣ್ಣ ಯಾವ ಚಿತ್ರದಲ್ಲೂ ಇಲ್ಲ. ತಾರಾಜೋಡಿ ಮತ್ತು ಪ್ರೇಮಕಥೆಯಿಲ್ಲದೆ ಚಿತ್ರ ಓಡುವುದಿಲ್ಲವೆಂಬ ಉದ್ಯಮದ ನಂಬಿಕೆ ಇದಕ್ಕೆ ಮುಖ್ಯ ಕಾರಣ. ವಿಪರ್ಯಾಸವೆಂದರೆ ಪ್ರೇಮಕಥೆ ಕಾದಂಬರಿಯಲ್ಲಿ ಮೊದಲೇ ಇತ್ತು. ಬಿಳಿಯ ನಾವಿಕನೂ ಕರಿಯ ತರುಣಿಯೂ ಪರಸ್ಪರ ಒಲಿಯುವ ಆ ಪ್ರಸಂಗವನ್ನು ಈ ಚಿತ್ರಗಳು ಬೆಳೆಸಲಿಲ್ಲ. ಅದರ ಸ್ಥಾನಕ್ಕೆ ಪ್ರತಿ ಬಾರಿಯೂ ಒಬ್ಬ ಬಿಳಿಯ ನಾಯಕಿಯನ್ನು ತಂದವು.

ನಾಯಕಿಯ ಆಗಮನದಿಂದ ಇತರ ಬದಲಾವಣೆಗಳೂ ಅನಿವಾರ್ಯವಾದವು. 1950ರಿಂದ ಮುಂದೆ ಪ್ರೇಮಿಯ ಸ್ಥಾನ ಕ್ವಾಟರ್‌ಮೇನನಿಗೇ ಹೋದ್ದರಿಂದ, 55ರ ಅಂಜುಬುರುಕ ಬೇಟೆಗಾರ ಸುಂದರನೂ ಧೀರನೂ ಆಗಬೇಕಾಯಿತು. ಮೂವರು ಸ್ನೇಹಿತರ ಗೆಳೆತನಕ್ಕೆ ಮತ್ತು ಗುಡ್‌ನ ಹಾಸ್ಯಕ್ಕೆ ಅವಕಾಶ ಕಡಿಮೆಯಾಯಿತು. ಕಾಡಿನ ಅಪಾಯಗಳೇ ಚಿತ್ರದ ಬಹುಭಾಗವನ್ನು ಆವರಿಸಿ, ಇಗ್ನೋಸಿಯ ರಾಜ್ಯ ಕೊನೆಯ ಘಟ್ಟದ ಒಂದು ಪ್ರಸಂಗವಾಗಿ ಕುಗ್ಗಿತು.

ವಸಾಹತುಶಾಹಿ ದೃಷ್ಟಿ ಮತ್ತು ನಿಷ್ಠೆಯ ಪ್ರಶ್ನೆ

ಕಾದಂಬರಿಯನ್ನು ಯಥಾವತ್ತಾಗಿ ತೆರೆಗೆ ತಂದರೆ ಸಾಕು ಎಂದು ಹೇಳುವುದೂ ಕಷ್ಟ. ಇದು ಸಾಮ್ರಾಜ್ಯಶಾಹಿ ಯುಗದ ಕೃತಿ. ಬಿಳಿಯರು ಗ್ರಹಣದ ಮುನ್ಸೂಚನೆಯನ್ನು ಬಳಸಿ ತಮಗೆ ದೈವೀ ಶಕ್ತಿಯಿದೆಯೆಂದು ಕುಕುವಾನರನ್ನು ನಂಬಿಸುತ್ತಾರೆ. ಮೊದಲ ಮುದ್ರಣದಲ್ಲಿ ಸೂರ್ಯಗ್ರಹಣವಿದ್ದು, ಖಗೋಳಶಾಸ್ತ್ರದ ದೋಷದ ಕಾರಣ ನಂತರದ ಮುದ್ರಣಗಳಲ್ಲಿ ಹ್ಯಾಗರ್ಡ್ ಅದನ್ನು ಚಂದ್ರಗ್ರಹಣವಾಗಿ ತಿದ್ದಿದನು. ಫೌಲಾಟಾಳ ಸಾವಿನಿಂದ ಮುಂದಿನ ತೊಡಕುಗಳು ತಪ್ಪಿದವೆಂದು ನಿರೂಪಕ ಭಾವಿಸುವುದು ಇಂದಿನ ಓದುಗರಿಗೆ ನೋವುಂಟುಮಾಡುತ್ತದೆ.

ಆದರೂ ಅದೇ ನಿರೂಪಕ ಸಭ್ಯತೆಗೂ ಚರ್ಮದ ಬಣ್ಣಕ್ಕೂ ಸಂಬಂಧವಿಲ್ಲವೆಂದು ಕಥೆಯ ಆರಂಭದಲ್ಲೇ ಒಪ್ಪಿಕೊಳ್ಳುತ್ತಾನೆ. ಕುಕುವಾನರಿಗೆ ಕಾನೂನು, ಸೈನ್ಯ, ಇತಿಹಾಸ ಮತ್ತು ರಾಜಕೀಯ ಭಿನ್ನಾಭಿಪ್ರಾಯಗಳಿವೆ. ಅವರ ದೊರೆ ಬಿಳಿಯರಿಗೆ ಬಾಗಿಲು ಮುಚ್ಚುವಷ್ಟು ಸ್ವತಂತ್ರನಾಗಿದ್ದಾನೆ. ಒಂದು ನೂರು ವರ್ಷಗಳ ನಂತರ ಬಂದ 1985ರ ಚಿತ್ರದಲ್ಲಿ ಆಫ್ರಿಕನ್ನರು ಹಂಡೆ ಕಾಯಿಸುವವರಾಗಿ ನಗೆಗೀಡಾಗುತ್ತಾರೆ. ಕಾಲ ಮುಂದುವರಿದಂತೆ ದೃಷ್ಟಿಕೋನವೂ ತಾನಾಗಿ ಉದಾರವಾಗುತ್ತದೆಂಬ ಊಹೆಯನ್ನು ಈ ಹೋಲಿಕೆ ಸುಳ್ಳಾಗಿಸುತ್ತದೆ.

ಹೋಲಿಕೆ: ದಿ ಮ್ಯಾನ್ ಹೂ ವುಡ್ ಬಿ ಕಿಂಗ್

ಇಂತಹ ಕಥೆಗಳನ್ನು ಮೂಲದ ಸತ್ವ ಉಳಿಸಿ ತೆರೆಗೆ ತರುವುದು ಅಸಾಧ್ಯವಲ್ಲ ಎಂಬುದಕ್ಕೆ ಜಾನ್ ಹ್ಯೂಸ್ಟನ್ ನಿರ್ದೇಶಿಸಿದ ‘ದಿ ಮ್ಯಾನ್ ಹೂ ವುಡ್ ಬಿ ಕಿಂಗ್’ (1975) ನಿದರ್ಶನವಾಗಿದೆ. ಹ್ಯಾಗರ್ಡನ ಸ್ನೇಹಿತನೂ ಆಗಿದ್ದ ರುಡ್ಯಾರ್ಡ್ ಕಿಪ್ಲಿಂಗ್ 1888ರಲ್ಲಿ ಪ್ರಕಟಿಸಿದ ಕಥೆ ಇದರ ಆಧಾರ. ದುರ್ಗಮ ಪರ್ವತಗಳಾಚೆಯ ರಾಜ್ಯ, ದೇವರೆಂದು ಭ್ರಮಿಸಲಾದ ಬಿಳಿಯ ಆಗಂತುಕರು, ಸಂಪತ್ತಿನ ಆಸೆ ಎಂಬ ಅದೇ ಸಾಮಗ್ರಿ ಇಲ್ಲಿಯೂ ಇದೆ. ಹ್ಯೂಸ್ಟನ್ ಹೊಸ ನಾಯಕಿಯನ್ನು ಸೇರಿಸಲಿಲ್ಲ. ಶಾನ್ ಕಾನರಿ ಮತ್ತು ಮೈಕೇಲ್ ಕೇನ್ ನಟಿಸಿದ ಇಬ್ಬರು ಗೆಳೆಯರ ಸ್ನೇಹವನ್ನೇ ಕೇಂದ್ರದಲ್ಲಿಟ್ಟು, ಕ್ರಿಸ್ಟೋಫರ್ ಪ್ಲಮ್ಮರ್ ಅಭಿನಯಿಸಿದ ಕಿಪ್ಲಿಂಗ್ ಪಾತ್ರದ ಮೂಲಕ ಕಥೆ ಕೇಳುವವನನ್ನೂ ಉಳಿಸಿಕೊಂಡನು. ಆಗಂತುಕರ ದುರಹಂಕಾರಕ್ಕೆ ಅವರೇ ತೆರುವ ಬೆಲೆಯನ್ನು ಚಿತ್ರ ಮರೆಮಾಚುವುದಿಲ್ಲ.

ಸಾಲೊಮನ್ನನ ಗಣಿಗಳ ಕಥೆಗೆ ಇಂತಹ ಚಿತ್ರ ಈವರೆಗೆ ದೊರೆತಿಲ್ಲ. ತಮ್ಮನನ್ನು ಹುಡುಕುವ ಅಣ್ಣ, ಮಗನಿಗಾಗಿ ಪ್ರಾಣವನ್ನು ಪಣವಿಡುವ ಅಂಜುಬುರುಕ ಬೇಟೆಗಾರ ಮತ್ತು ಸೇವಕನ ವೇಷದಲ್ಲಿ ತಾಯ್ನಾಡಿಗೆ ಮರಳುವ ದೊರೆ ಈ ಮೂವರ ಕಥೆ ಇಂದಿಗೂ ಮುಖ್ಯವಾಗಿ ಪುಸ್ತಕದ ಪುಟಗಳಲ್ಲಿಯೇ ಉಳಿದಿದೆ.